ಕಿಟಕಿಯ ಆಚೆ, ಕಿಟಕಿಯ ಈಚೆ

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಹದಿನಾಲ್ಕನೇ ನಿಯಮದ ಪ್ರಕಾರ, ಅರ್ಜಿದಾರರ ತಂದೆಯು ಕಿಟಕಿಯ ಹೊರಗೆ ನಿಂತು, ಒಳಗೆ ಕುಳಿತ ಗುಮಾಸ್ತರ ಕಣ್ಣೆದುರೇ ಸಹಿ ಮಾಡತಕ್ಕದ್ದು. ನಿಯಮ ಬರೆದವರು ಗುಮಾಸ್ತರೇ. ಇಪ್ಪತ್ತೆರಡು ವರ್ಷಗಳಲ್ಲಿ ಇದರಿಂದ ಯಾರಿಗೂ ತೊಂದರೆಯಾದ ದಾಖಲೆಯಿಲ್ಲ. ತೊಂದರೆಯಾದವರ ಅರ್ಜಿಯನ್ನು ದಾಖಲಿಸುವ ಪದ್ಧತಿಯೂ ಇಲ್ಲ.

ಈ ವರ್ಷ ಗುಮಾಸ್ತರ ಮಗಳೇ ಅರ್ಜಿ ಹಾಕಿದಳು. ಸಸ್ಯಶಾಸ್ತ್ರ ಓದಬೇಕೆಂದು ಅವಳಿಗೆ ಚಿಕ್ಕಂದಿನಿಂದ ಹುಚ್ಚು, ಅಂಕಗಳೂ ಬೇಕಾದಷ್ಟಿದ್ದವು. ಅಪ್ಪನ ಸಹಿಯೊಂದು ಬಾಕಿ, ಅಂದೇ ಕೊನೆಯ ದಿನ, ಐದಕ್ಕೆ ಕಿಟಕಿ ಮುಚ್ಚುತ್ತದೆ.

ಗುಮಾಸ್ತರು ಕುಲಸಚಿವರ ಕೋಣೆಗೆ ಹೋಗಿ ಕೈಕಟ್ಟಿ ನಿಂತರು.

"ಬೇರೆ ಯಾರನ್ನಾದ್ರೂ ಕಿಟಕೀಲಿ ಕೂರಿಸ್ರೀ" ಎಂದರು ಕುಲಸಚಿವರು.

"ಆ ಕೆಲಸ ಇನ್ಯಾರಿಗೂ ಬರಲ್ಲ ಸಾರ್. ನಾನು ಕಲಿಸಿಲ್ಲ."

ಕಲಿಸಿದರೆ ನಾಳೆ ತನ್ನನ್ನು ಯಾರು ಕೇಳುತ್ತಾರೆ ಎಂದು ಅಷ್ಟು ವರ್ಷ ಜಾಣತನ ಮಾಡಿದ್ದು ಅವರೇ. ಈಗ ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದರು.

"ನಿಮ್ಮ ಮನೆಯವರು ಸಹಿ ಹಾಕ್ಲಿ."

"ತಂದೆ ಗೈರುಹಾಜರಾಗಿದ್ರೆ ಮಾತ್ರ ತಾಯಿ ಸಹಿ ಸಾರ್. ಹಾಜರಿ ಪುಸ್ತಕದಲ್ಲಿ ನಾನಿದೀನಲ್ಲ."

"ರಜೆ ಹಾಕಿ ಹಾಗಾದ್ರೆ."

"ರಜೆ ಹಾಕಿದ್ರೆ ಕಿಟಕಿ ಮುಚ್ಚಬೇಕಾಗುತ್ತೆ ಸಾರ್."

ಕುಲಸಚಿವರು ಕುರ್ಚಿಗೆ ಒರಗಿದರು. "ನಿಯಮ ಅಂದ್ರೆ ಹೀಗಿರ್ಬೇಕು ಕಣ್ರೀ. ಒಂದು ಸಂದಿಯಾದ್ರೂ ಬಿಟ್ಟಿದೀರಾ!" ಎಂದು ಮೆಚ್ಚಿಕೊಂಡರು. ಗುಮಾಸ್ತರಿಗೆ ಎದೆಯುಬ್ಬಿತು. ಉಬ್ಬಿದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವರು ಕುರ್ಚಿ ಬಿಟ್ಟೆದ್ದು, ಹಿಂಬಾಗಿಲಿಂದ ಸುತ್ತಿ ಬಂದು, ಮಗಳ ಜೊತೆ ಸಾಲಿನಲ್ಲಿ ನಿಂತರು. ಕಿಂಡಿಯಲ್ಲಿ ಅವರ ಕನ್ನಡಕವಷ್ಟೇ ಕಾಣುತ್ತಿದ್ದುದರಿಂದ ಮುಖದ ಗುರುತು ಯಾರಿಗೂ ಇರಲಿಲ್ಲ.

"ಆ ಮಹಾರಾಯ ಎದ್ದು ಎಲ್ಲಿಗೆ ಹಾಳಾಗಿ ಹೋದ?" ಎಂದು ಸಾಲಿನಲ್ಲಿ ಮುಂದಿದ್ದ ಬಡಗಿಯೊಬ್ಬ ಗೊಣಗಿದ.

"ಅವನದು ಯಾವಾಗ್ಲೂ ಇದೇ ಗೋಳು ಬಿಡಿ" ಎಂದರು ಗುಮಾಸ್ತರು. ಹೇಳಿದ ಮೇಲೆ ಅದು ನಿಜವೆಂದೂ ಅನ್ನಿಸಿತು.

ಮಗಳ ಅವಸರ ಕಂಡು ಸಾಲಿನವರು ದಾರಿ ಬಿಟ್ಟರು. ಗುಮಾಸ್ತರು ಕಿಟಕಿಯೆದುರು ನಿಂತು ಸಹಿ ಮಾಡಿ, ಅರ್ಜಿಯನ್ನು ಕಿಂಡಿಯೊಳಗೆ ತೂರಿಸಿ, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಕುರ್ಚಿಯಲ್ಲಿ ಕೂತರು. ಏದುಸಿರು ಬಿಡುತ್ತಲೇ ಕನ್ನಡಕ ಏರಿಸಿ ಅರ್ಜಿ ನೋಡಿದರು.

"ಈ ಸಹಿ ಯಾರದು?"

"ಅಪ್ಪಾ, ನಿಮ್ಮದೇ!"

"ನಾನು ಬರೋಷ್ಟರಲ್ಲಿ ಆಗ್ಹೋಗಿತ್ತು. ನಾನು ನೋಡಿಲ್ಲ."

"ಹಾಕಿದ್ದೇ ನೀವಲ್ವಾ?"

"ಹಾಕಿದ್ದು ನಿಜ ಕಣಮ್ಮ. ಆದ್ರೆ ನೋಡಿಲ್ವಲ್ಲ."

ಮೊಹರು ಕೈಯಲ್ಲೇ ಇತ್ತು. ಒಂದು ಸಲ ಒತ್ತಿದರೆ ಮುಗಿಯಿತು, ಕೇಳುವವರಾರೂ ಇರಲಿಲ್ಲ. ಗುಮಾಸ್ತರು ಮೊಹರನ್ನು ಅರ್ಜಿಯವರೆಗೆ ತಂದು ಹಿಂದಕ್ಕಿಟ್ಟರು. ಗಡಿಯಾರ ಐದು ಹೊಡೆಯಿತು. ಅರ್ಜಿಯ ಮೇಲೆ 'ತಿರಸ್ಕೃತ' ಎಂದು ದುಂಡಗೆ ಬರೆದು ಕಿಟಕಿ ಮುಚ್ಚಿದರು. ಕುಲಸಚಿವರು ಅಲ್ಲಿಗೇ ಬಂದು ಬೆನ್ನು ತಟ್ಟಿದರು. ಬಡಗಿಯೂ, "ಮನುಷ್ಯ ಕಟ್ಟುನಿಟ್ಟಪ್ಪ" ಎಂದು ತಲೆದೂಗಿ, ತನ್ನ ಮಗನ ಅರ್ಜಿಯನ್ನು ಮಡಚಿಕೊಂಡು ಹೋದ.

ಅಪ್ಪ ಮಗಳು ಮನೆಯ ದಾರಿ ಹಿಡಿದರು.

"ಮುಂದಿನ ವರ್ಷ ಬೇರೆ ಯಾರನ್ನಾದ್ರೂ ಅಪ್ಪ ಅಂತ ಬರೀತೀನಿ" ಎಂದಳು ಮಗಳು, ಕಣ್ಣೊರೆಸಿಕೊಂಡು.

ಗುಮಾಸ್ತರು ಎಲ್ಲ ನಿಯಮಗಳನ್ನೂ ಒಂದೊಂದಾಗಿ ನೆನೆದು ನೋಡಿದರು. ಅಡ್ಡಿಯಾಗುವಂಥದ್ದು ಯಾವುದೂ ಇರಲಿಲ್ಲ.

"ಬರಿ. ಒಳ್ಳೆಯವರನ್ನ ನೋಡಿ ಬರಿ" ಎಂದರು.