ಬ್ಯಾಂಡಿನವರ ತಿಥಿ

ಬ್ಯಾಂಡು ಒಡೆದ ಮೇಲೆ ಅದರವರು ಏನಾಗುತ್ತಾರೆಂದು ನಾನು ತಲೆ ಕೆಡಿಸಿಕೊಂಡವನೇ ಅಲ್ಲ. ನನಗೆ ಬ್ಯಾಂಡ್ ಎಂದರೆ ಮೈಸೂರಿನ ಮದುವೆಗಳ ಬ್ಯಾಂಡ್‌ಸೆಟ್ಟು. ಊಟ ಮುಗಿಸಿ ಅವರು ಚದುರಿದರೆ ಯಾರೂ ಕಣ್ಣೀರಿಡುತ್ತಿರಲಿಲ್ಲ. ಆದರೆ ಅಮೆರಿಕದ ಬಾಥೆಲ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಕುರ್ಚಿಯ ಮಾರ್ಟಿನ್ ಹಿಂದೊಮ್ಮೆ ಇಂಗ್ಲೆಂಡಿನ ಸಣ್ಣ ರಾಕ್ ಬ್ಯಾಂಡೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದನಂತೆ. ಈಗ ನನ್ನಂತೆಯೇ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಾನೆ, ನನ್ನಂತೆಯೇ ಮ್ಯಾನೇಜರಿಗೆ ಹೆದರುತ್ತಾನೆ. ಇಬ್ಬರ ಮನೆಯೂ ಈಸ್ಟ್‌ಗೇಟ್‌ನಲ್ಲಿ. ಕಾರಿನಲ್ಲಿ ಇಬ್ಬರಿದ್ದರೆ ಬೇಗ ಸಾಗುವ ಕಾರ್‌ಪೂಲ್ ಲೇನ್ ಸಿಗುತ್ತದೆಂಬ ಶುದ್ಧ ಸ್ವಾರ್ಥದಿಂದ ಶುರುವಾದ ಸ್ನೇಹ ನಮ್ಮದು.

ಒಡೆದುಹೋದ ಆ ಬ್ಯಾಂಡಿನ ಡ್ರಮ್ಮರ್ ಈಗ ಪ್ರೈಮರಿ ಶಾಲೆಯ ಮೇಷ್ಟ್ರು, ಇನ್ನೊಬ್ಬ ಗಿಟಾರಿನವನು ಬಾತ್‌ರೂಮುಗಳಿಗೆ ಟೈಲ್ಸ್ ಹಾಕುತ್ತಾನೆ. ಹಾಡುವವನು ಮಾತ್ರ ಇನ್ನೂ ಹಾಡುತ್ತಾನೆ, ಮಿಕ್ಕವರ ಸಿಟ್ಟಿಗೂ ಅದೇ ಕಾರಣ. ನಾಲ್ವರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಊರೂರಿಗೆ ಅವರ ವ್ಯಾನ್ ಓಡಿಸಿ, ರಸ್ತೆ ಬದಿಯಲ್ಲಿ ಒಲೆ ಹಚ್ಚಿ ಡಬ್ಬಿಯ ಬೀನ್ಸು, ಟೋಸ್ಟು ಮಾಡಿ ಹಾಕುತ್ತಿದ್ದ ರಾನಿ ಎಂಬ ಮುದುಕ ಹಿಂದಿನ ವರ್ಷ ತೀರಿಕೊಂಡಾಗ ನಾಲ್ವರೂ ಬೇರೆ ಬೇರೆ ಹೂವು ಕಳಿಸಿದ್ದರಂತೆ. ಇದನ್ನು ಹೇಳುವಾಗ ಮಾರ್ಟಿನ್ ಕನ್ನಡಕ ಒರೆಸಿಕೊಂಡ.

ಎದುರಿಗಿದ್ದವರು ಕನ್ನಡಕ ಒರೆಸಿಕೊಂಡರೆ ನಾನು ಸಲಹೆ ಕೊಡುತ್ತೇನೆ. ಅದು ನನ್ನ ಚಾಳಿ. ನಮ್ಮ ದೊಡ್ಡಪ್ಪ, ಚಿಕ್ಕಪ್ಪಂದಿರು ಪಾಲಾಗಿ ಮುಖ ತಿರುಗಿಸಿಕೊಂಡಿದ್ದರೂ ತಾತನ ತಿಥಿಗೆ ಒಂದೇ ಸಾಲಿನಲ್ಲಿ ಕೂತು ವಡೆ ತಿನ್ನುತ್ತಿದ್ದುದನ್ನು ವರ್ಣಿಸಿದೆ. "ಮಾತಾಡ್ಲೇಬೇಕು ಅಂತೇನಿಲ್ಲ. ಜೊತೆಗೆ ಊಟಕ್ಕೆ ಕೂತ್ರೆ ಸಾಕು," ಎಂದೆ.

ಮಾರ್ಟಿನ್ ಇದನ್ನು ಗಂಭೀರವಾಗಿ ತೆಗೆದುಕೊಂಡುಬಿಟ್ಟ. ರಾನಿ ತೀರಿಕೊಂಡ ದಿನ ಮಂಗಳವಾರ ಬೀಳುತ್ತದೆ, ಭಾನುವಾರಕ್ಕೆ ಹಾಕಿಕೊಳ್ಳಬಹುದೇ ಎಂದು ಕೇಳಿದ. ಅಪ್ಪನ ತಿಥಿಯನ್ನು ಪ್ರತಿವರ್ಷ ಅನುಕೂಲದ ಭಾನುವಾರಕ್ಕೆ ತಳ್ಳಿ ದೇವಸ್ಥಾನದಲ್ಲಿ ಮುಗಿಸುವ ನಾನು, ಸಾಕ್ಷಾತ್ ಪುರೋಹಿತರ ಮುಖ ಮಾಡಿಕೊಂಡು, "ಛೆ, ದಿನ ಬದಲಾಯಿಸೋ ಹಾಗೇ ಇಲ್ಲ," ಎಂದೆ.

ಅವನು ರಜೆ ಹಾಕಿದ. ಆಫೀಸಿನ ತುರ್ತು ಕರೆಗಳು ಬರುವ ಅವನ ಆನ್‌ಕಾಲ್ ಫೋನ್ ನನ್ನ ಕೊರಳಿಗೆ ಬಿತ್ತು, ಇಡೀ ಮಂಗಳವಾರ ಬಡಿದುಕೊಂಡಿತು. ಅತ್ತ ನಾಲ್ವರೂ ವಿಡಿಯೋ ಕಾಲಿನಲ್ಲಿ ಬೀನ್ಸು, ಟೋಸ್ಟು ಹಿಡಿದು ಕೂತರಂತೆ. ಮೊದಲಿಗೆ ಬರೀ ಅಗಿಯುವ ಸದ್ದು. ಆಮೇಲೆ ಹಾಡುವವನು, ರಾನಿ ಟೋಸ್ಟನ್ನು ಇದಕ್ಕಿಂತ ಚೆನ್ನಾಗಿ ಸೀಯಿಸುತ್ತಿದ್ದ ಎಂದನಂತೆ. ನಾಲ್ವರೂ ನಕ್ಕರು, ಸ್ವಲ್ಪ ಅತ್ತರು, ಕೊನೆಗೆ ಹಳೆಯ ಜಗಳವನ್ನೇ ಮನಸಾರೆ ಆಡಿದರು. ಮರುದಿನ ಕಾರಿನಲ್ಲಿ ಮಾರ್ಟಿನ್‌ನ ಮುಖ ನೋಡಬೇಕಿತ್ತು, ನನಗೂ ಖುಷಿಯಾಯಿತು.

ಆ ಖುಷಿಯಲ್ಲೇ, ನಿನ್ನ ತಂದೆಯ ತಿಥಿ ಯಾವಾಗ ಎಂದು ಅವನು ಕೇಳಿದಾಗ, ಮುಂದಿನ ಗುರುವಾರ ಎಂದು ಇದ್ದದ್ದನ್ನೇ ಹೇಳಿಬಿಟ್ಟೆ. ಆಫೀಸು ತಲುಪಿದವನೇ ಮ್ಯಾನೇಜರ್ ಹತ್ತಿರ ಹೋಗಿ ಬಂದ.

"ಗುರುವಾರ ನಿನ್ನ ಆನ್‌ಕಾಲ್ ನಾನು ನೋಡ್ಕೋತೀನಿ. ರಜೆ ಕೊಡ್ಲೇಬೇಕು, ದಿನ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೀನಿ," ಎಂದ.

ಎಂದಿನಂತೆ ಭಾನುವಾರಕ್ಕೆ ಗೊತ್ತುಮಾಡಿದ್ದ ಪುರೋಹಿತರನ್ನು ಗುರುವಾರಕ್ಕೆ ಎಳೆದು ತರುವ ಹೊತ್ತಿಗೆ ನನಗೂ ನನ್ನ ಹೆಂಡತಿಗೂ ಸಾಕುಸಾಕಾಯಿತು. ಅಮೆರಿಕಕ್ಕೆ ಬಂದ ಮೇಲೆ ಅಪ್ಪನಿಗೆ ತಿಥಿಯ ದಿನವೇ ಊಟ ಬಡಿಸಿದ್ದು ಅದೇ ಮೊದಲು. ಅದರ ಪುಣ್ಯವೇನಾದರೂ ಇದ್ದರೆ, ಅದು ಬೇಸ್ ಗಿಟಾರಿನವನಿಗೇ ಹೋಗಿರಬೇಕು.