ಮಾವನ ಜಾಜ್ ಕ್ಯಾಸೆಟ್

ಹನುಮಂತನಗರದ ನಮ್ಮ ಬೀದಿಯಲ್ಲಿ ದೈವಭಕ್ತಿ ಹೆಚ್ಚಲು ನನ್ನ ಸೋದರಮಾವನೇ ಕಾರಣ ಎಂದರೆ ನೀವು ನಂಬಲಿಕ್ಕಿಲ್ಲ. ಕಾರ್ಖಾನೆಯಿಂದ ಬಂದು, ಕಾಫಿ ಕುಡಿದು ಅವರು ಸ್ಯಾಕ್ಸೋಫೋನಿನ ಪೆಟ್ಟಿಗೆ ತೆರೆದರೆ ಸಾಕು, ಅಕ್ಕಪಕ್ಕದವರೆಲ್ಲ ಚಪ್ಪಲಿ ಮೆಟ್ಟಿಕೊಂಡು ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೊರಟುಬಿಡುತ್ತಿದ್ದರು.

ಮಾವ ಆ ವಾದ್ಯ ಕಲಿತದ್ದು ದಂಡು ಪ್ರದೇಶದ ಮುದುಕ ಬ್ಯಾಂಡ್ ಮಾಸ್ತರೊಬ್ಬರಿಂದ. ಮದುವೆಮನೆಯಲ್ಲಿ ಸಿನಿಮಾ ಹಾಡು ನುಡಿಸಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಇವರಿಗೆ ಜಾಜ್ ಬೇಕು, ಅದೂ ಸ್ವಂತದ್ದು! ಕಲ್ಯಾಣಿ ರಾಗದಲ್ಲಿ ಹೊರಟು, ದಾರಿಯಲ್ಲಿ ಯಾರಾದರೂ ಪರಿಚಯದವರು ಸಿಕ್ಕ ಹಾಗೆ ನಿಂತು, ಇನ್ನೆಲ್ಲೋ ಹೋಗಿಬಿಡುವ ಸಂಗೀತ. ಕೆಳಗಿನ ಮನೆಯ ಓನರ್ ಒಮ್ಮೆ ಹತ್ತಿ ಬಂದು, ಬಹಳ ವಿನಯದಿಂದ, "ನುಡಿಸಿ ಸಾರ್, ಬೇಡ ಅನ್ನಲ್ಲ. ಒಂದು ಮುಗಿಸಿ ಇನ್ನೊಂದು ಶುರು ಮಾಡಿ, ಅಷ್ಟೇ" ಎಂದರು. ತಾನು ನುಡಿಸಿದ್ದೆಲ್ಲ ಒಂದೇ ರಚನೆ ಎಂದು ಮಾವ ವಿವರಿಸಹೊರಟರು. ಓನರ್ ಮೆಟ್ಟಿಲಿಳಿದರು.

ಆಮೇಲೆ ಸಾಧನೆ ಯಡಿಯೂರು ಕೆರೆಯ ದಂಡೆಗೆ ವರ್ಗವಾಯಿತು. ನೀರಿನಲ್ಲಿದ್ದ ಎಮ್ಮೆಗಳು ತಲೆಯೆತ್ತಿ ನೋಡಿದವಂತೆ. ನಡುವೆ ಎದ್ದುಹೋಗದ ಮೊದಲ ಶ್ರೋತೃಗಳು ಎಂದು ಮಾವ ಮನೆಗೆ ಬಂದು ಹೆಮ್ಮೆಪಟ್ಟರು. ಎಮ್ಮೆ ನೀರಿನಿಂದ ಏಳುವುದು ಯಾವಾಗ ಎಂದು ಅವರಿಗೆ ಹೇಳುವವರು ಯಾರು?

ಇಂಥವರು ಒಂದು ದಿನ, ಸ್ಟುಡಿಯೋದಲ್ಲಿ ಪೂರಾ ಒಂದು ಆಲ್ಬಂ ರೆಕಾರ್ಡ್ ಮಾಡಿಸುತ್ತೇನೆ ಎಂದು ಸಾರಿದರು. ಒಬ್ಬ ಮೃದಂಗದವನನ್ನೂ ಚರ್ಚಿನಲ್ಲಿ ಗಿಟಾರ್ ಬಾರಿಸುವವನನ್ನೂ ಗಂಟು ಹಾಕಿದರು. ಕೊನೆಯ ರಚನೆಗೆ ಹಾಡುವವರು ಬೇಕಿತ್ತು. ಅದಕ್ಕೆ ಅತ್ತೆಯೇ ಆಗಬೇಕು ಎಂದು ಹಟ ಹಿಡಿದರು.

ನಮ್ಮ ಅತ್ತೆ ಮೊದಲು ಸೊಗಸಾಗಿ ಹಾಡುತ್ತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಒಡೆದುಹೋಯಿತು. ಆಮೇಲೆ ಗೊಂಬೆ ಹಬ್ಬದ ಆರತಿಗೂ ಬಾಯಿ ಬಿಟ್ಟವರಲ್ಲ. ಮಾವನ ಕಾಟ ತಾಳದೆ ಸ್ಟುಡಿಯೋಗೇನೋ ಹೋದರು. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡವರು ಹಾಗೇ ಹೊರಗೆ ಬಂದು, "ನನ್ನಿಂದಾಗಲ್ಲ, ನೀವೇ ಊದ್ಕೊಳ್ಳಿ" ಅಂದರಂತೆ. ಮಾವ ಒತ್ತಾಯಿಸಲಿಲ್ಲ.

ಕ್ಯಾಸೆಟ್ ಬಂದ ಭಾನುವಾರ ಉಪ್ಪಿಟ್ಟು, ಕೇಸರಿಬಾತ್ ಆಸೆಗೆ ಬಂಧುಗಳೆಲ್ಲ ಸೇರಿದೆವು; ಕೆಳಗಿನ ಮನೆಯ ಓನರ್ ಕೂಡ ಬಂದಿದ್ದರು. ಮೊದಲ ಮಗ್ಗುಲು ಮುಗಿದಾಗ ದೊಡ್ಡಮ್ಮ ಮೆಲ್ಲಗೆ, "ಹಾಡು ಯಾವಾಗ ಶುರುವಾಗುತ್ತೆ?" ಎಂದು ಕೇಳಿದರು. ಮಾವ ಕ್ಯಾಸೆಟ್ಟಿನ ಮಗ್ಗುಲು ತಿರುಗಿಸಿದರು. ಕೊನೆಯ ರಚನೆಯ ನಡುವೆ ಸ್ಯಾಕ್ಸೋಫೋನ್ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಗಿಟಾರಿನ ಒಂದೇ ಶ್ರುತಿ, ಕೇಳಿಯೂ ಕೇಳದ ಹಾಗೆ ಮೃದಂಗ. ಹಾಗೇ ನಡೆಯಿತು, ನಡೆಯಿತು. ಟೇಪು ಸಿಕ್ಕಿಕೊಂಡಿದೆ ಎಂದು, ಅದನ್ನು ಸುತ್ತಿ ಸರಿಮಾಡಲು ಓನರ್ ಪೆನ್ಸಿಲ್ ಹಿಡಿದು ಎದ್ದರು.

"ಮುಟ್ಬೇಡಿ ಸಾರ್, ಕೆಟ್ಟಿಲ್ಲ" ಎಂದರು ಮಾವ. "ಅದು ಇವಳ ಜಾಗ. ಯಾವಾಗ ಬೇಕಾದ್ರೂ ಬರ್ಲಿ ಅಂತ ಬಿಟ್ಟಿದೀನಿ."

ಯಾರೋ ನಕ್ಕರು. ಅತ್ತೆ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಕ್ಯಾಸೆಟ್ಟನ್ನು ಊರು ಕೇಳಲಿಲ್ಲ. ಮಾವ ಮಾತ್ರ ರಜಾದಿನಗಳ ಮಧ್ಯಾಹ್ನ ತಪ್ಪದೆ ಹಾಕುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಅಂಥ ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಕೊನೆಯ ರಚನೆ ಬಂತು, ಸ್ಯಾಕ್ಸೋಫೋನ್ ನಿಂತಿತು. ಅಡುಗೆಮನೆಯಿಂದ, ಒಗ್ಗರಣೆಯ ಸದ್ದಿನ ಹಿಂದೆ, ಒಡಕು ದನಿಯ ಆಲಾಪನೆಯೊಂದು ಹೆದರಿ ಹೆದರಿ ಹೊರಟಿತು. ನಾನು ತಿರುಗಹೋದೆ. ಮಾವ ಬೇಡವೆಂದು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಅವರೂ ಆ ಕಡೆ ನೋಡಲಿಲ್ಲ. ಇನ್ನೊಂದು ಕೈ ಚಾಚಿ ಟೇಪ್‌ರೆಕಾರ್ಡರಿನ ವಾಲ್ಯೂಮ್ ಸ್ವಲ್ಪ ತಗ್ಗಿಸಿದರು.