ಬಾಯಿ ಬಂದ ತಪ್ಪಲೆ

ಸಂಪ್ರದಾಯವನ್ನು ಪ್ರಶ್ನಿಸುವುದು ನನಗೆ ನೀರು ಕುಡಿದಷ್ಟು ಸುಲಭ. ರಾಮನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವನು ನಾನು. ಪ್ರತಿಮೆ, ರೂಪಕ, ವ್ಯಂಗ್ಯ ಎಲ್ಲವೂ ಜೇಬಿನಲ್ಲೇ ಇರುತ್ತವೆ. ನಮ್ಮ ಕಡೆ ಬಾಡೂಟದಲ್ಲಿ ಗಂಡಸರೆಲ್ಲ ಉಂಡು ಎದ್ದ ಮೇಲೆ, ಬೆಳಗಿನಿಂದ ಒಲೆ ಮುಂದೆ ಬೆಂದ ಹೆಂಗಸರು ಮಿಕ್ಕಿದ್ದನ್ನು ಉಣ್ಣುತ್ತಾರೆ. ಇದನ್ನು ನೇರವಾಗಿ ಹೇಳಿದರೆ ಭಾಷಣವಾಗುತ್ತದೆ. ಆದ್ದರಿಂದ ಸಾರಿನ ತಪ್ಪಲೆಯ ಬಾಯಿಂದಲೇ ಕಥೆ ಹೇಳಿಸಿದೆ. ಕೊನೆಯಲ್ಲಿ ಖಾಲಿ ತಪ್ಪಲೆ, "ನನ್ನ ತಳ ಕೆರೆದವಳ ಹಸಿವು ನನಗೆ ಮಾತ್ರ ಗೊತ್ತು" ಅನ್ನುತ್ತದೆ. ಬರೆದು ನನಗೇ ಕಣ್ಣೀರು ಬಂತು! ಹೆಂಡತಿ ಶೋಭಾಳನ್ನು ಕೂಗಿ ಇನ್ನೊಂದು ಕಾಫಿ ತರಿಸಿಕೊಂಡೆ.

ಕಥೆ ವಾರಪತ್ರಿಕೆಯಲ್ಲಿ ಬಂತು. ಅದೇ ವಾರ ಕೂಟಗಲ್‌ನ ಮಾವನ ಮನೆಯಲ್ಲಿ ಮನೆದೇವರ ಹರಕೆಗೆ ಮರಿ ಕಡಿದಿದ್ದರು. ಗಂಡಸರು ಎಲೆ ಮುಂದೆ ಕುಳಿತಾಗ ಮಾವ ಎದ್ದು ನಿಂತರು.

"ನಮ್ಮ ಅಳಿಯಂದ್ರ ಕತೆ ಪೇಪರ್‌ನಾಗೆ ಬಂದೈತೆ. ಒಸಿ ಕೇಳ್ಬುಟ್ಟು ಉಣ್ಣವಾ."

ಬೇಡ ಅನ್ನುವ ಮನುಷ್ಯನೇ ನಾನು? ದನಿ ಏರಿಸಿ, ಇಳಿಸಿ, ನಡುಗಿಸಿ ಓದಿದೆ. ಗಂಡಸರು ಜೋರಾಗಿ ಚಪ್ಪಾಳೆ ತಟ್ಟಿದರು. ತಪ್ಪಲೆಗೆ ಬಾಯಿ ಬಂದದ್ದು ಅವರಿಗೆ ಬಹಳ ಹಿಡಿಸಿತ್ತು. ಅದು ತಮ್ಮನ್ನೇ ಬೈಯುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಪ್ರತಿಮೆಯ ಅನುಕೂಲವೇ ಅದು: ಹೊಡೆದ ಪುಣ್ಯ ನಮಗೆ, ಏಟು ಯಾರಿಗೂ ಇಲ್ಲ!

ಆದರೆ ಅಡುಗೆಮನೆ ಬಾಗಿಲಲ್ಲಿ ಅತ್ತೆ ನಿಂತು ಕೇಳಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದರು.

"ಅಳಿಯಂದ್ರು ಸರಿಯಾಗೇ ಬರ್ದವ್ರೆ. ಏಳ್ರಪ್ಪಾ ಎಲೆ ಬುಟ್ಟು! ಇವತ್ತು ಹೆಂಗಸ್ರುದು ಮೊದ್ಲನೇ ಪಂಕ್ತಿ. ಬನ್ರವ್ವಾ, ಕುಂತ್ಕಳಿ."

ಹೆಂಗಸರು ಕುಳಿತೇಬಿಟ್ಟರು. ಮಾವ ನನ್ನನ್ನು ನುಂಗುವಂತೆ ನೋಡಿದರು. ಭಾವಮೈದ ಹತ್ತಿರ ಬಂದು, "ಏನ್ ಭಾವ, ಬರ್ಯಕ್ಕೆ ನಿಮ್ಗೆ ಬೇರೆ ಏನೂ ಸಿಗ್ನಿಲ್ವಾ? ಹೊಟ್ಟೆ ಚುರುಗುಟ್ತಾ ಐತೆ!" ಎಂದ.

ನನ್ನ ಹೊಟ್ಟೆಯೂ ಅದನ್ನೇ ಹೇಳುತ್ತಿತ್ತು. ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ.

"ಅತ್ತೆ, ಅದು ಪ್ರತಿಮೆ! ಓದಿ ಯೋಚ್ನೆ ಮಾಡ್ಲಿ ಅಂತ ಬರೆದಿದ್ದು. ಹಂಗೇ ಮಾಡ್ಬಿಡೋಕಲ್ಲ."

ಎಲೆ ಮುಂದೆ ಕುಳಿತಿದ್ದ ಶೋಭಾ ತಲೆ ಎತ್ತಿದಳು. "ನಮ್ಮ ಹಸಿವೂ ಪ್ರತಿಮೇನಾ ರೀ? ಬನ್ನಿ, ಸಾರು ಬಡಿಸಿ."

ಬಡಿಸಿದೆ. ಪಂಚೆ ಎತ್ತಿ ಕಟ್ಟಿ, ಸೌಟು ಹಿಡಿದು, ಪಂಕ್ತಿಯ ಈ ತುದಿಯಿಂದ ಆ ತುದಿಗೆ ಓಡಿದೆ. ಸಾರು ಎಲೆಗಿಂತ ಹೆಚ್ಚಾಗಿ ಸೀರೆಗಳಿಗೆ ಬಿತ್ತು. ಶೋಭಾಳ ಅಜ್ಜಿ ಕೈ ಹಿಡಿದು ನಿಲ್ಲಿಸಿದರು. "ತಳದಿಂದ ಕಲಕಿ ಹಾಕಪ್ಪ, ತುಂಡೆಲ್ಲ ಅಲ್ಲೇ ಕುಂತೈತೆ. ಈ ಮನೆ ಹರಕೇಲಿ ನಾನು ಬಿಸಿ ಮುದ್ದೆ ಉಣ್ತಿರೋದು ಇವತ್ತೇ."

ಎದೆ ಚುಳ್ ಅಂದಿತು. ಮರುಕ್ಷಣವೇ ಹೊಟ್ಟೆಕಿಚ್ಚೂ ಆಯಿತು. ಅಂಥ ಒಂದು ಸಾಲು ನನ್ನ ಇಡೀ ಕಥೆಯಲ್ಲಿರಲಿಲ್ಲ!

ಗಂಡಸರ ಪಂಕ್ತಿಗೆ ಉಳಿದದ್ದು ತಿಳಿಸಾರು. ಬಡಿಸಿದವನು ಕೊನೆಗೆ ಉಣ್ಣಬೇಕಂತೆ, ಅದೂ ಸಂಪ್ರದಾಯವೇ! ನನ್ನ ಸರದಿ ಬಂದಾಗ ತಪ್ಪಲೆಯೊಳಗೆ ಬಗ್ಗಿ ನೋಡಿದೆ, ಬರೀ ತಳ. ಕಥೆಯಲ್ಲಿ ಪುಟಗಟ್ಟಲೆ ಮಾತಾಡಿದ್ದ ತಪ್ಪಲೆ ಅಂದು ತುಟಿಪಿಟಕ್ಕೆನ್ನಲಿಲ್ಲ. ಅದರ ಪರವಾಗಿ ನನ್ನ ಹೊಟ್ಟೆಯೇ ಮಾತಾಡಿತು, ಯಾವ ಪ್ರತಿಮೆಯ ಹಂಗೂ ಇಲ್ಲದೆ.